ಬಿಚ್ಚಲಾಗದ ತೋಳು

ಶೆಟಗೇರಿ, ಅಂಕೋಲಾ
ಸೋಮವಾರ

ಫೋನ್ ಎತ್ತದ ಅಪ್ಪನಿಗೆ ಪ್ರಗತಿಯ ನಮಸ್ಕಾರ.

ಹವ್ಯಾಸಕ್ಕೆಂದು ನನಗೇ ಒಂದು ಚೂಡಿದಾರ ಹೊಲಿಯುತ್ತಿದ್ದೇನೆ. ಹೆಸರಿಗೆ ಪ್ರಗತಿ, ತೋಳಿನಲ್ಲಿ ಮಾತ್ರ ಪ್ರಗತಿಯಿಲ್ಲ. ಆಮೇಲೆ ಬಿಚ್ಚಬೇಕಾದ ಕಚ್ಚಾ ಹೊಲಿಗೆಗೆ, ಬಲೆ ರಿಪೇರಿಗೆಂದು ನೀನು ಕಲಿಸಿದ ಗಂಟನ್ನೇ ಹಾಕಿಬಿಟ್ಟೆ. ಈಗ ಬಿಚ್ಚಲಾಗುತ್ತಿಲ್ಲ.

ಅತ್ತೆಯೂ ಎಳೆದು ನೋಡಿದರು. “ಇದು ಅಂಗಿಯಾ, ಬಲೆಯಾ ಮಾರಾಯ್ತಿ? ನಿನ್ನ ಅಪ್ಪನಿಗೇ ಬರೂಕೆ ಹೇಳು. ಮದುವೆಯಾದಾಗಿಂದ ಈ ಮೆಟ್ಟಿಲು ಹತ್ತಲಿಲ್ಲ ಅವರು” ಎಂದರು.

ನಮ್ಮ ಮದುವೆ ನಿನಗೆ ಒಪ್ಪಿಗೆಯಿರಲಿಲ್ಲ, ಗೊತ್ತು. ಗಂಟು ಬಿಚ್ಚುವುದಕ್ಕಾದರೂ ಭಾನುವಾರ ಬಾ. ಬರುವಾಗ ಮೀನು ತರಬೇಡ, ಬೀಗರಾಗಿ ಸುಮ್ಮನೆ ಕೈಬೀಸಿಕೊಂಡು ಬಂದರೆ ಸಾಕಂತೆ, ಅತ್ತೆಯ ಮಾತು.

ದಾರ ಕತ್ತರಿಸಬಹುದಲ್ಲ ಎಂದು ಕೇಳಬೇಡ. ಕತ್ತರಿಯನ್ನು ಅತ್ತೆಯೇ ಎಲ್ಲೋ ಅಡಗಿಸಿಟ್ಟಿದ್ದಾರೆ.

ನಿನ್ನ ದಾರಿ ನೋಡುತ್ತಿರುವ ಮಗಳು,
ಪ್ರಗತಿ