ಪರೀಕ್ಷೆಗೆ ಕೂತವಳು ನಾನು, ಫೇಲಾದವಳು ಮೊಮ್ಮಗಳು

ಪ್ರೌಢಶಾಲೆಯ ಮುಖ್ಯಸ್ಥರಾದ ಮಾನ್ಯರೇ,

ನನ್ನ ಮೊಮ್ಮಗಳಿಗೆ ಹದಿಮೂರು ವರ್ಷ. ಊರಿನಲ್ಲಿ ಏಳನೆಯ ತರಗತಿ ಮುಗಿಸಿ ನಿಮ್ಮ ದೇಶಕ್ಕೆ ಬಂದವಳನ್ನು ನೀವು ಎಂಟಕ್ಕೆ ಸೇರಿಸದೆ, ಮೆಟ್ಟಿಲ ಕೆಳಗಿನ ‘ಹೊಸಬರ ಕೋಣೆ’ಯಲ್ಲಿ ಕೂರಿಸಿ, ಕತ್ತರಿ ಗೋಂದು ಕೊಟ್ಟು ಸೇಬಿನ ಚಿತ್ರ ಅಂಟಿಸಲು ಹಚ್ಚಿದ್ದೀರಿ. ವರ್ಷ ಮುಗಿಯುವ ತನಕ ಮರುಪರೀಕ್ಷೆ ಇಲ್ಲವೆಂದು ಕಾಗದವನ್ನೂ ಕಳಿಸಿದ್ದೀರಿ. ಇದು ಅನ್ಯಾಯ. ಅದರಲ್ಲಿ ಮುಕ್ಕಾಲು ಪಾಲು ನನ್ನದೇ ಆದ್ದರಿಂದ ಅಧಿಕಾರಯುತವಾಗಿ ಬರೆಯುತ್ತಿದ್ದೇನೆ.

ಶಾಲೆಗೆ ಸೇರಿಸುವ ಮುನ್ನ ನೀವು ಮಾಡಿದ ಪರೀಕ್ಷೆಯ ದಿನ ನನ್ನ ಮಗಳಿಗೆ ಆಸ್ಪತ್ರೆಯಲ್ಲಿ ನರ್ಸು ಕೆಲಸ, ಅಳಿಯನಿಗೆ ಬಸ್ ಓಡಿಸುವ ಪಾಳಿ. “ನಾನಿಲ್ವಾ?” ಎಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಯಾವ ಧೈರ್ಯವೋ! ದಾರಿಯುದ್ದಕ್ಕೂ ಹುಡುಗಿಗೆ ಪಾಠ ಬೇರೆ: “ದೊಡ್ಡವರು ಮಾತಾಡುವಾಗ ಬಾಯಿ ಹಾಕ್ಬೇಡ. ಎಲ್ಲಾ ನಾನು ನೋಡ್ಕೋತೀನಿ.” ನೋಡಿಕೊಂಡೆ ನೋಡಿ! ನಿಮ್ಮ ಕನ್ನಡಕದ ಮೇಡಂ ನನ್ನ ಅನುಕೂಲಕ್ಕೆಂದು ಮೇಜಿನ ನಡುವೆ ಫೋನಿಟ್ಟರು. ಅದರೊಳಗಿಂದ ನಮ್ಮ ಭಾಷೆಯವನೊಬ್ಬ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಪ್ರಶ್ನೆ ಹುಡುಗಿಗೆ, ಉತ್ತರ ನನ್ನದು.

“ನೀರು ಯಾಕೆ ಆವಿಯಾಗುತ್ತೆ ಅಂತ ಕೇಳ್ತಿದ್ದಾರೆ.”

“ಒಲೆ ಮೇಲಿಟ್ಟು ಮರೆತ್ರೆ ಇನ್ನೇನಾಗುತ್ತೆ?”

“ಬಿಡುವಿನಲ್ಲಿ ಏನು ಮಾಡೋಕೆ ಇಷ್ಟ?”

“ಹೇಳಿದ ಕೆಲಸ ಮಾಡ್ತಾಳೆ. ಇಷ್ಟಗಿಷ್ಟ ಎಲ್ಲಾ ನಾವು ಅಭ್ಯಾಸ ಮಾಡ್ಸಿಲ್ಲ.”

“ಅಮ್ಮಾ, ಮಗುನೇ ಹೇಳ್ಲಂತೆ.”

“ಮಗು ನಾಚ್ಕೊಳ್ಳುತ್ತಪ್ಪ. ನಾನು ಹೇಳಿದ್ದು ನೀನು ಹೇಳು.”

ಮೇಜಿನ ಕೆಳಗೆ ಮೊಮ್ಮಗಳು ಚಿವುಟಿದಳು. ನಾನೂ ತಿರುಗಿ ಚಿವುಟಿದೆ. ಮನೆಗೆ ಬರುವಾಗ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ನಡೆದೆ. ವಾರದ ಮೇಲೆ ಫಲಿತಾಂಶ ಬಂತು: ‘ವಿಜ್ಞಾನದ ಪರಿಚಯವಿಲ್ಲ, ಭಾಷೆ ಬಾರದು, ಸ್ವಂತ ಆಸಕ್ತಿಗಳಿಲ್ಲ.’ ಹೆಸರು ಅವಳದು, ಅಂಕ ನನ್ನವು.

ಸರಿ, ನಾನು ದಡ್ಡಿ. ಗೋಡೆಗೆ ಮೂರು ಪದವಿ ತೂಗುಹಾಕಿರುವ ನಿಮ್ಮ ಮೇಡಂಗೆ ಈ ಮುದುಕಿಯನ್ನು ಹೊರಗಿನ ಬೆಂಚಿಗೆ ಅಟ್ಟಬೇಕೆಂದು ಹೊಳೆಯಲಿಲ್ಲವೇ? ಮೊಮ್ಮಗಳು ಊರಿನ ಶಾಲೆಯಲ್ಲೇ ಐದು ವರ್ಷ ನಿಮ್ಮ ಭಾಷೆ ಓದಿದ್ದಾಳೆಂದು ನಾನು ಹೇಳಲಿಲ್ಲ, ನೀವೂ ಕೇಳಲಿಲ್ಲ. ಹೊಸಬರ ಕೋಣೆಯ ಮೇಷ್ಟ್ರೇ ‘ಇವಳಿಗೆ ಎಲ್ಲ ಬರುತ್ತದೆ’ ಎಂದು ಬರೆದುಕೊಟ್ಟರಂತೆ. ಕಡತ ಹಾಗೆ ಹೇಳುವುದಿಲ್ಲ ಎಂದಿತಂತೆ ನಿಮ್ಮ ಕಚೇರಿ. ನಿಮ್ಮಲ್ಲಿ ಹುಡುಗಿಗಿಂತ ಕಡತ ಚೆನ್ನಾಗಿ ಮಾತಾಡುತ್ತದೋ?

ಮೊದಮೊದಲು ಅವಳು ನಗುತ್ತಲೇ ಬರುತ್ತಿದ್ದಳು. “ಇವತ್ತು ಕುರ್ಚಿ ಕಲಿತೆ ಅಜ್ಜಿ. ನಾಳೆ ಮೇಜಂತೆ.” ಪ್ರಯೋಗಶಾಲೆಯ ಗಾಜಿನ ಬಾಗಿಲಲ್ಲಿ ಇಣುಕಿದ್ದನ್ನು, ಒಳಗೆ ತನ್ನ ವಯಸ್ಸಿನವರು ತಂತಿ ಜೋಡಿಸಿ ಬಲ್ಬು ಹೊತ್ತಿಸುತ್ತಿದ್ದುದನ್ನು ಹೇಳುತ್ತಿದ್ದಳು. ಊರಿನ ಶಾಲೆಯಲ್ಲಿ ಅದನ್ನು ಇಡೀ ತರಗತಿಗೆ ಮಾಡಿ ತೋರಿಸಿದವಳು ಅವಳು. ಈಗ ಹದಿನೈದು ದಿನದಿಂದ “ಏನು ಕಲಿತೆ?” ಎಂದರೆ “ಏನಿಲ್ಲ” ಎಂದು ಬೂಟು ಬಿಚ್ಚುತ್ತಾಳೆ. ಬಾಯಿ ಹಾಕಬೇಡ ಎಂದ ನನ್ನ ಪಾಠ ಇಷ್ಟು ಚೆನ್ನಾಗಿ ಹತ್ತಿಬಿಟ್ಟಿತೇ ಎಂದು ನನಗೆ ಹೆದರಿಕೆಯಾಗಿದೆ.

ಆದ್ದರಿಂದ ಮಾನ್ಯರೇ, ವರ್ಷದ ಕೊನೆಗಲ್ಲ, ಇದೇ ವಾರ ಅವಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿ. ನಾನು ಗೇಟಿನಾಚೆಯ ಬಸ್ ನಿಲ್ದಾಣದಲ್ಲಿ ಕೂತಿರುತ್ತೇನೆ, ಆಣೆಗೂ ಒಳಗೆ ಬರುವುದಿಲ್ಲ. ಈ ಪತ್ರವನ್ನು ಇಲ್ಲಿನ ನಮ್ಮವರ ಸಂಘದ ಪತ್ರಿಕೆಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ನಿಮ್ಮ ಮೇಜಿನ ಮೇಲಿರುವ ಪ್ರತಿಯನ್ನು ನಿಮ್ಮ ಭಾಷೆಗೆ ತಿರುಗಿಸಿದವಳು ಆ ‘ಭಾಷೆ ಬಾರದ’ ಹುಡುಗಿಯೇ, ಒಂದೇ ಸಂಜೆಯಲ್ಲಿ. ನಿಮ್ಮನ್ನು ಬೈದು ಬರೆದಿದ್ದ ಎರಡು ಸಾಲು ಹೊಡೆದುಹಾಕಿದಳು.

“ದೊಡ್ಡವರ ಮಾತಿಗೆ ಬಾಯಿ ಹಾಕ್ಬೇಡ ಅಂದಿರ್ಲಿಲ್ವೇನೇ?” ಎಂದೆ.

“ಇನ್ಮೇಲೆ ಹಾಕ್ತೀನಿ, ಸುಮ್ನಿರಜ್ಜಿ” ಎಂದಳು.

ಹೊಸಬರ ಕೋಣೆಯಲ್ಲಿ ಅವಳ ಜಾಗ ಖಾಲಿಯಾದ ಕೂಡಲೇ ನನಗೆ ಹೇಳಿ ಕಳಿಸಿ. ಅಂಕ ನನ್ನವಾದ ಮೇಲೆ ಕೂರಬೇಕಾದವಳೂ ನಾನೇ. ಕುರ್ಚಿ ಆಗಲೇ ಕಲಿತಾಗಿದೆ, ಮೇಜಿನಿಂದ ಶುರುಮಾಡಿದರೆ ಸಾಕು.

ಇಂತಿ,
ನಿಮ್ಮ ಕಡತದಲ್ಲಿ ಮೊಮ್ಮಗಳ ಹೆಸರಿನಲ್ಲಿ ಫೇಲಾಗಿರುವ ಅಜ್ಜಿ