ಬೇರಿಂಗ್ ಹೊಸದು, ನೆಪ ಹಳೆಯದು

ಎಕ್ಕಂಬಿ,
೧೨ ಫೆಬ್ರವರಿ ೨೦೨೪, ಸೋಮವಾರ

ಪ್ರೀತಿಯ ತಂಗಿ ಮುರಿಗೆವ್ವಗೆ, ಅಣ್ಣ ಪರಮೇಶ್ವರಪ್ಪನ ಆಶೀರ್ವಾದಗಳು.

ಮೊಣಕಾಲು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀಯೋ, ಇಲ್ಲ ಬಾಟಲಿಯನ್ನು ಗೂಡಿನಲ್ಲಿಟ್ಟು ಕೈಮುಗಿಯುತ್ತೀಯೋ? ಎಮ್ಮೆ ಈದಿತೇ? ಇಲ್ಲಿ ಎಲ್ಲರೂ ಆರಾಮ. ಸೊಸೆ ವಾಣಿಶ್ರೀಗೆ ಈಗ ಅನ್ನ ಸೇರುತ್ತಿದೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀ, ನಾನು ಬೈಯುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ನಿಧಾನ ಓದಿಕೋ.

ಮುಂದಿನ ಸೋಮವಾರ ವಾಣಿಶ್ರೀಯ ಸೀಮಂತದ ಕುಬಸ. ನಿನ್ನನ್ನು ಕಿರವತ್ತಿಯಿಂದ ಕರೆತರುವ ಮಾತು ಎತ್ತಿದಾಗೆಲ್ಲ ಮಗ ಶರಣ ನೆಪವನ್ನು ನನ್ನ ಹಳೇ ಕಾರಿನ ಮೇಲೆ ಹಾಕುತ್ತಿದ್ದ. ಕ್ಲಚ್ ಒತ್ತಿದರೆ ಕರ್ರೆಂದು ಕೂಗುತ್ತದೆ, ದಾರಿಯಲ್ಲಿ ನಿಂತರೆ ಏನು ಗತಿ, ಅತ್ತೆಗೆ ಯಾಕೆ ತೊಂದರೆ ಎಂದು. ನೀನೂ ಕಡಿಮೆಯವಳಲ್ಲ. ಅದನ್ನೇ ಹಿಡಿದುಕೊಂಡು, ಗಾಡಿ ಸರಿ ಇಲ್ಲವಂತೆ, ಕೂಸು ಹುಟ್ಟಿದ ಮೇಲೆ ಬರುತ್ತೇನೆ ಬಿಡು ಎಂದೆ. ಬಸ್ಸು ಹತ್ತಲು ನಿನ್ನ ಕಾಲು ಬಿಡುವುದಿಲ್ಲ. ತಂಗಿಯನ್ನು ತವರಿಗೆ ತರಲು ಬಾಡಿಗೆ ಗಾಡಿ ಹಿಡಿಯುವವನು ನಾನಲ್ಲ.

ಶುಕ್ರವಾರ ಶಿರಸಿಗೆ ಹೋಗಿ ಮಂಜನ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿದೆ. ಮಂಜ ಪೆಡಲ್ ಒತ್ತಿದ, ಕೂಗಿತು. ಬಿಟ್ಟ, ಸುಮ್ಮನಾಯಿತು. ಕ್ಲಚ್ಚಿನ ರಿಲೀಸ್ ಬೇರಿಂಗ್ ಹೋಗಿದೆ ಎಂದ. ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು, ಅದನ್ನು ಮುಟ್ಟಲು ಗೇರ್‌ಬಾಕ್ಸೇ ಕೆಳಗಿಳಿಯಬೇಕು. ಇಳಿಸಿದ. ಹಳೆಯದನ್ನು ನನ್ನ ಕೈಗೆ ಕೊಟ್ಟ. ತಿರುಗಿಸಿದರೆ ಒಳಗೆ ಮರಳು ಹೊಕ್ಕಂತೆ ಕಿರುಗುಟ್ಟಿತು, ಗ್ರೀಸೆಲ್ಲ ಒಣಗಿತ್ತು. ಕ್ಲಚ್ ಪ್ಲೇಟೂ ಸವೆದಿದೆ, ಇಳಿಸಿದಾಗಲೇ ಹಾಕಿಬಿಡೋಣ ಎಂದ. ಹಾಕು ಎಂದೆ. ಆಮೇಲೆ ಒಂದು ಮಾತು ಹೆಚ್ಚಾಡಿದ. ಗೇರು ಬಿದ್ದ ಮೇಲೂ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತೀರಿ, ಅದು ಟ್ರ್ಯಾಕ್ಟರಿನ ಚಟ, ಬೇರಿಂಗ್ ತಿನ್ನುವುದೇ ಅದು ಎಂದು. ನನ್ನ ಕಾಲು ಎಲ್ಲಿಡಬೇಕೆಂದು ನೀನು ಕಲಿಸಬೇಡ ಎಂದೆ. ಬರುವಾಗ ಕಾಲನ್ನು ಕೆಳಗೇ ಇಟ್ಟಿದ್ದೆ, ಅದು ಬೇರೆ ಮಾತು.

ಶನಿವಾರ ಸಂಜೆ ಮನೆಗೆ ತಂದವನೇ ಎಂಜಿನ್ ಚಾಲೂ ಇಟ್ಟು, ಶರಣನನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ ಕ್ಲಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದೆ. ಕೂಗಿತೇನೋ ಎಂದು ಕೇಳಿದೆ. ಇಲ್ಲ ಎಂದ. ಹಾಗಾದರೆ ಅತ್ತೆಯನ್ನು ತರುತ್ತೇನೆ ಎಂದೆ. ಆಗ ನೋಡು, ಒಳಗಿದ್ದದ್ದು ಹೊರಗೆ ಬಿತ್ತು.

“ಅಪ್ಪಾ, ಗಾಡೀದಲ್ಲ ಅದು. ಹಾವೇರಿ ಬೀಗರು ಬರ್ತಾರ. ಗಂಡ ಇಲ್ಲದಾಕೀನ ಆರತಿ ಮುಂದ ಕುಂದ್ರಿಸಿದ್ರ ಏನಂತಾರ?”

ಅವನಿಗೆ ತೋರಿಸಲು ತಂದ ಹಳೇ ಬೇರಿಂಗ್ ಕೈಯಲ್ಲೇ ಇತ್ತು. ಎಸೆಯಲಿಲ್ಲ, ಎಸೆದಿದ್ದರೆ ನನ್ನ ಬಾನೆಟ್ಟೇ ಹಾಳಾಗುತ್ತಿತ್ತು. ತಾಯಿ ಸತ್ತಾಗ ಇವನನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಕಿದವಳು ನೀನು. ಅದನ್ನು ಹೇಳಿದೆ. ಮತ್ತೊಂದನ್ನೂ ಹೇಳಿದೆ: “ನನಗೂ ಹೆಂಡ್ತಿ ಇಲ್ಲಲೇ. ನನ್ನ ಯಾರ ಮೂಲ್ಯಾಗ ಕುಂದ್ರಿಸ್ಯಾರ?”

ಅಷ್ಟರಲ್ಲಿ ವಾಣಿಶ್ರೀ ಹೊರಗೆ ಬಂದಳು. ನನ್ನೆದುರು ದನಿ ಎತ್ತುವವಳಲ್ಲ, ನಿನಗೆ ಗೊತ್ತು. ಗಂಡನ ಮುಖ ನೋಡಿ ಹೇಳಿದಳು: “ಕಿರವತ್ತಿ ಅತ್ತಿ ಬರಲಿಲ್ಲಂದ್ರ ನಾ ಕುಬಸದ ಮಣಿ ಮ್ಯಾಲ ಕೂಡೂದಿಲ್ಲ. ನಮ್ಮ ಮಂದಿಗೆ ನಾನ ಹೇಳ್ತೀನಿ.” ಶರಣ ಬಕೆಟ್ಟು ಹುಡುಕಿಕೊಂಡು ಗಾಡಿ ತೊಳೆಯಲು ಹೋದ. ಚಕ್ರದ ಸಂದಿಯನ್ನೂ ತೊಳೆದ, ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಭಾನುವಾರ ಬೆಳಗ್ಗೆ ಮುಂಡಗೋಡದ ಮೇಲೆ ಬರುತ್ತೇನೆ, ಸಿದ್ಧವಾಗಿ ಕೂತಿರು. ಎಮ್ಮೆಯನ್ನು ಪಕ್ಕದ ಮನೆಯ ನಾಗಿಗೆ ಒಪ್ಪಿಸು. ಅಡುಗೆಮನೆಯಲ್ಲೇ ಇದ್ದುಬಿಡುತ್ತೇನೆ ಎನ್ನುವ ಮಾತನ್ನು ಮಾತ್ರ ಗಾಡಿಗೆ ಹತ್ತಿಸಬೇಡ. ಬಸವಣ್ಣ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅಣ್ಣ,
ಪರಮೇಶ್ವರಪ್ಪ

ತಾ.ಕ.: ಅಂಚೆಯವನು ಹೊರಡುವ ಹೊತ್ತಾಯಿತು, ಮುಖ್ಯದ್ದೇ ಬಿಟ್ಟಿದ್ದೆ. ನೀನು ಬಂದು ಕೂತರಷ್ಟೇ ಸಾಲದು, ವಾಣಿಶ್ರೀಗೆ ಮೊದಲ ಉಡಿ ನೀನೇ ತುಂಬಬೇಕು. ರವಿಕೆಗೆ ಹಸಿರು ಖಣ ತಂದಿಟ್ಟಿದ್ದೇನೆ. ವಾಣಿಶ್ರೀ ಹೇಳುವವರೆಗೆ ಕಾಯಲು ನನ್ನಿಂದ ಆಗಲಿಲ್ಲ, ಬೀಗರಿಗೆ ಇವತ್ತೇ ಫೋನ್ ಮಾಡಿ ಇದನ್ನು ಹೇಳಿಬಿಟ್ಟೆ. ನೋಡಿ ಹೇಳುತ್ತೇವೆ ಎಂದು ಫೋನ್ ಇಟ್ಟರು. ಬಂದರೆ ಪಂಕ್ತಿಗೆ ಕೂಡಲಿ, ಬಾರದಿದ್ದರೆ ಹೋಳಿಗೆ ನಮಗೇ ಎರಡು ಹೆಚ್ಚು.