ನಾಗಿಹಾಮಾದ ಗೋಲಿನ ಬಲೆ

ನಾಗಿಹಾಮಾ, ಅಕಿತಾ
6 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ಓಬೊನ್ ಹಬ್ಬದ ರಜೆಯಲ್ಲಿ ನಿಮ್ಮಲ್ಲಿಗೆ ಬಂದುಹೋದ ಅಮ್ಮ, ಮೀನು ಒಣಗಿಸುವ ಹೊಗೆಗೂಡಿನಲ್ಲಿ ನೀವು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲ ಎಂದು ಇವತ್ತಿಗೂ ಗೊಣಗುತ್ತಾಳೆ. ಮೊಣಕಾಲಿಗೆಂದು ಅಜ್ಜಿ ಕೊಟ್ಟು ಕಳಿಸಿದ ಉಣ್ಣೆಯ ಪಟ್ಟಿ ಹಾಕುತ್ತಿದ್ದೀರಾ, ಇಲ್ಲಾ ಅದೂ ಪೆಟ್ಟಿಗೆ ಸೇರಿತಾ? ಅಲ್ಲಿ ದಕ್ಷಿಣದ ಮಕುರಾಜಾಕಿಯಲ್ಲಿ ಇನ್ನೂ ಸೆಖೆ ಇರಬೇಕು. ಇಲ್ಲಿ ಪೈನ್ ತೋಪಿನಾಚೆ ಸಮುದ್ರ ಆಗಲೇ ಸೀಸದ ಬಣ್ಣಕ್ಕೆ ತಿರುಗಿದೆ, ಅಮ್ಮ ನಿನ್ನೆ ಸೀಮೆಎಣ್ಣೆ ಒಲೆ ಹೊರಗೆ ತೆಗೆದಳು. ಅಜ್ಜಿಗೆ ಎಂಬತ್ತಾರು ತುಂಬಿತು. ಆದರೂ ಬಂದರಿನಲ್ಲಿ ಬಲೆ ಹೆಣೆಯುವ ಕೊಟ್ಟಿಗೆಗೆ ನಡೆದೇ ಹೋಗುತ್ತಾಳೆ, ಜೊತೆಗೆ ಹೋದರೆ ಬೈಯುತ್ತಾಳೆ.

ಈಗ ನನ್ನ ಸುದ್ದಿ. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅರವತ್ತು ವರ್ಷ ತುಂಬಿತಲ್ಲ, ಅದರ ಚರಿತ್ರೆ ಬರೆಯುವ ಕೆಲಸ ನನಗೆ ಬಂದಿದೆ. ನಾನಾಗಿ ಕೇಳಿದ್ದಲ್ಲ, ನಿಮಗೆ ಗೊತ್ತು, ನಾಲ್ಕು ಜನ ಇರುವ ಕಡೆ ನನಗೆ ಬಾಯಿಯೇ ಬರುವುದಿಲ್ಲ. ಮೀನುಗಾರರ ಸಂಘದ ಸಭೆಯಲ್ಲಿ ಚಹಾ ಕೊಡಲು ಹೋಗಿದ್ದೆ, ಅಷ್ಟೆ. ಗೆನ್‌ಗೊ ಮಾವ ಎಲ್ಲರೆದುರು ನನ್ನ ಕಡೆ ಬೆರಳು ತೋರಿಸಿ, "ಇಗೋ, ಸಾಹಿತ್ಯ ಓದಿರೋ ಹುಡುಗಿ ಮನೇಲೇ ಕೂತಿದಾಳೆ. ಮಾತಾಡೋಕೆ ಬರದಿದ್ರೇನು, ಬರಿಯೋಕೆ ಬರುತ್ತಲ್ಲ!" ಎಂದುಬಿಟ್ಟರು. ಎಲ್ಲರೂ ನಕ್ಕರು, ನಾನು ಚಹಾ ಚೆಲ್ಲಿದೆ, ಅಲ್ಲಿಗೆ ಕೆಲಸ ನನ್ನದಾಯಿತು. ಅವರೀಗ ಕ್ಲಬ್ಬಿನ ಕಾರ್ಯದರ್ಶಿ. ನೀವು ಗೋಲು ಕಾಯುವಾಗ ನಿಮ್ಮ ಮುಂದೆ ಡಿಫೆಂಡರ್ ಆಗಿ ನಿಲ್ಲುತ್ತಿದ್ದ ಆ ಅಗಲ ಬೆನ್ನು ಈಗ ಸ್ವಲ್ಪ ಬಾಗಿದೆ.

ಐಸ್ ಗೋದಾಮಿನ ಅಟ್ಟದಲ್ಲಿ ಪಂದ್ಯಗಳ ವಿವರ ಬರೆದಿಟ್ಟ ಮೂವತ್ತೊಂದು ಪುಸ್ತಕಗಳಿದ್ದವು, ಎಲ್ಲವಕ್ಕೂ ಮೀನಿನ ವಾಸನೆ. ಮೊದಲನೆಯದನ್ನು ತೆರೆದವಳು ಮಧ್ಯಾಹ್ನದ ಊಟ ಮರೆತು ಅಲ್ಲೇ ಕೂತೆ. ಟೋಕಿಯೋ ಒಲಿಂಪಿಕ್ಸ್ ನಡೆದ ಶರತ್ಕಾಲದಲ್ಲಿ ಸಂಘದ ಟೀವಿ ಮುಂದೆ ಕೂತ ಹನ್ನೊಂದು ಜನ, ಅದುವರೆಗೆ ಕಾಲಲ್ಲಿ ಚೆಂಡು ಮುಟ್ಟದವರು, ನಾವೂ ಆಡೋಣ ಎಂದರಂತೆ. ಮರಳಿನ ಮೇಲೆ ಚೆಂಡು ಪುಟಿಯುವುದಿಲ್ಲವೆಂದು ಗದ್ದೆಯ ಜೇಡಿಮಣ್ಣನ್ನು ಮೀನಿನ ಪೆಟ್ಟಿಗೆಗಳಲ್ಲಿ ಹೊತ್ತು ತಂದು ಒಂದಿಡೀ ಮೈದಾನ ಹಾಸಿದರು. ಒಟ್ಟು ನಾಲ್ಕು ಸಾವಿರದ ಇನ್ನೂರು ಪೆಟ್ಟಿಗೆ. ಯಾರೋ ಪುಣ್ಯಾತ್ಮ ಐದೈದು ಗೀಟು ಹಾಕಿ ಎಣಿಸಿದ್ದಾರೆ. ಗೋಲಿನ ಕಂಬಗಳು ಸಮುದ್ರದಲ್ಲಿ ಬಲೆ ನಿಲ್ಲಿಸುವ ಸೀಡರ್ ಗೂಟಗಳು. ಬಲೆ ಹೆಣೆದವಳು ಆಗ ಇಪ್ಪತ್ತಾರು ವರ್ಷದವಳಾಗಿದ್ದ ನಮ್ಮ ಅಜ್ಜಿ. ಮೊದಲ ಪಂದ್ಯದಲ್ಲಿ ಹದಿನಾಲ್ಕು ಗೋಲು ಹೊಡೆಸಿಕೊಂಡರು. ಷರಾದ ಕಾಲಮಿನಲ್ಲಿ ಇಷ್ಟೇ ಇದೆ: "ಸೋಲು. ಗಾಳಿ ಚೆನ್ನಾಗಿತ್ತು."

ಅಪ್ಪಾ, ಆಮೇಲೆ ಪ್ರತಿ ಪಂದ್ಯಕ್ಕೂ ಗಾಳಿಯ ಮಾತಿದೆ! ಬರೆದ ಕೈಗಳು ಬದಲಾಗಿವೆ, ಶಾಯಿ ಬದಲಾಗಿದೆ, ಗಾಳಿ ತಪ್ಪಿದ್ದು ಒಂದೇ ಒಂದು ಸಲ, ಅದಕ್ಕೆ ಆಮೇಲೆ ಬರುತ್ತೇನೆ. ನೀವು ಹುಟ್ಟಿದ ವರ್ಷದ ಒಂದು ಪುಟದಲ್ಲಿ ಹೀಗಿದೆ: "ದೋಣಿಗಳು ತಿರುಗಿ ಬಂದಿಲ್ಲ, ನಾವು ಏಳೇ ಜನ. ಎದುರಿನವರು ತಮ್ಮ ನಾಲ್ವರನ್ನು ಹೊರಗೆ ಕೂರಿಸಿ ಏಳೇ ಜನ ಆಡಿದರು. ವಾಯವ್ಯದ ಗಾಳಿ." ಭೂಕಂಪವಾಗಿ ಸಮುದ್ರ ಊರಿನೊಳಗೆ ಬಂದ 1983ರ ಮೇ ತಿಂಗಳಲ್ಲಿ: "ಪಂದ್ಯವಿಲ್ಲ. ಹುಡುಕಬೇಕಾದವರನ್ನು ಹುಡುಕಿದೆವು. ಆಮೇಲೆ ಗೋಲಿನ ಬಲೆ ಹುಡುಕಿದೆವು, ಪೈನ್ ಮರದ ಮೇಲೆ ಸಿಕ್ಕಿತು. ಗಾಳಿ ಇಲ್ಲ." ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಎರಡೂ ಕೈ ಅದರ ಮೇಲಿಟ್ಟುಕೊಂಡು ಕೂತುಬಿಟ್ಟೆ. ಕಾಲೇಜಿನಲ್ಲಿ ನಾಲ್ಕು ವರ್ಷ ದೊಡ್ಡ ದೊಡ್ಡ ಪುಸ್ತಕ ಓದಿದೆ, ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದವರನ್ನು ಕಂಡಿರಲಿಲ್ಲ. ಇವರ್ಯಾರೂ ಒಂದು ಸಲವಾದರೂ ಮೇಲಿನ ದರ್ಜೆಯ ತೊಹೊಕು ಲೀಗ್ ಮುಟ್ಟಲಿಲ್ಲ. ಮುಟ್ಟುತ್ತೇವೆ ಎಂದು ಮಾತ್ರ ಪ್ರತಿ ವಸಂತದಲ್ಲೂ ಬರೆದಿಟ್ಟಿದ್ದಾರೆ.

ಹಾಗೆ ಓದುತ್ತ 2013ಕ್ಕೆ ಬಂದೆ. ಕೋಪ ಮಾಡಿಕೊಳ್ಳಬೇಡಿ, ಆ ದಿನದ ವಿಷಯ ನಾವು ಯಾರೂ ನಿಮ್ಮೆದುರು ಎತ್ತುವುದಿಲ್ಲ, ಬರೆಯುವುದಾದರೆ ಬಹುಶಃ ನನಗೆ ಧೈರ್ಯ ಬರುತ್ತದೆ. ನನಗಾಗ ಹನ್ನೆರಡು ವರ್ಷ, ಸಮುದ್ರದ ಕಡೆಯ ಗೋಲಿನ ಪಕ್ಕದಲ್ಲೇ ಕೂತಿದ್ದೆ. ಸ್ಕೋರು ಒಂದು–ಒಂದು. ಉಳಿದ ಆರು ನಿಮಿಷ ಹಾಗೇ ಸಮವಾಗಿ ಕಳೆದಿದ್ದರೆ ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾವು ಮೇಲಿನ ಲೀಗಿಗೆ ಹೋಗುತ್ತಿದ್ದೆವು. ಎದುರಿನವರು ಹೊಡೆದ ಚೆಂಡು ನಿಮ್ಮ ಬೆರಳು ಸವರಿ ಗೋಲಿನೊಳಗೆ ಹೋಯಿತು, ಮೂಲೆಯಲ್ಲಿ ಬಲೆಯ ತೂತಿನಿಂದ ಹೊರಬಂದು ಹಿಂದೆ ಉರುಳಿತು. ರೆಫರಿಗೆ ಕಾಣಲಿಲ್ಲ. ಚೆಂಡು ಹೊರಗೆ ಹೋಯಿತೆಂದು ಗೋಲ್ ಕಿಕ್ ಕೊಟ್ಟರು. ನೀವು ಚೆಂಡು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನಿಂತಿರಿ. ಆಮೇಲೆ ಕೈ ಎತ್ತಿದಿರಿ. ಅದು ಗೋಲು ಎಂದು ರೆಫರಿಗೆ ನೀವೇ ಹೇಳಿದಿರಿ.

ಆಟ ಮುಗಿದ ಮೇಲೆ ನೀವು ಬೆರಳಿಗೆ ಸುತ್ತಿದ್ದ ಬಿಳಿ ಟೇಪು ಬಿಚ್ಚಿ ಆ ತೂತಿಗೆ ಕಟ್ಟಿದ್ದು ನನಗೆ ನೆನಪಿದೆ. ಗೆನ್‌ಗೊ ಮಾವ ಕೆಂಪಗಾಗಿ, "ಬಲೆಗಲ್ಲ ಕಣೋ, ನಿನ್ನ ಬಾಯಿಗೆ ಹಾಕ್ಕೋಬೇಕಿತ್ತು ಹೊಲಿಗೆ!" ಎಂದು ಕೂಗಿದ್ದೂ ನೆನಪಿದೆ. ಹದಿನೈದು ದಿನದಲ್ಲಿ ನೀವು ದಕ್ಷಿಣಕ್ಕೆ ಹೋದಿರಿ. ಹನ್ನೊಂದು ವರ್ಷದಲ್ಲಿ ಅಮ್ಮ, ನಾನು ಅಲ್ಲಿಗೆ ಬಂದಿದ್ದೇವೆ, ನೀವು ಈ ಊರಿಗೆ ಒಮ್ಮೆಯೂ ಬಂದಿಲ್ಲ. ನಾನೂ ಮೈದಾನದ ಕಡೆ ಹೋಗುವುದು ಬಿಟ್ಟಿದ್ದೆ.

ಈ ಚರಿತ್ರೆಗಾಗಿ ಕಳೆದ ಭಾನುವಾರ ಹೋದೆ. ಬೇಗ ಹೋಗಿದ್ದರಿಂದ ಪೈನ್ ಮರದ ಹಿಂದೆ ನಿಂತೆ, ಯಾರಾದರೂ ಮಾತಾಡಿಸಿಬಿಟ್ಟರೆ ಎಂದು. ಗೆನ್‌ಗೊ ಮಾವ ಒಬ್ಬರೇ ಬಂದರು. ಅಂಗಿಯೊಳಗಿಂದ ಅಂಗೈಯಗಲದ ಬಲೆಯ ತುಂಡೊಂದನ್ನು ತೆಗೆದು, ಸಮುದ್ರದ ಕಡೆಯ ಗೋಲಿನ ಮೂಲೆಯಲ್ಲಿ ಮಂಡಿಯೂರಿ, ಅದನ್ನು ದಾರದಿಂದ ಕಟ್ಟಿದರು. ಹೆಣೆಯಲಿಲ್ಲ, ಬರೀ ಕಟ್ಟಿದರು. ರೆಫರಿ ಬಂದು ಬಲೆ ಎಳೆದು ನೋಡಿ ಸರಿಯಿದೆ ಎಂದು ತಲೆಯಾಡಿಸಿದರು. ಆಟ ಮುಗಿದು ಎಲ್ಲರೂ ಹೋದ ಮೇಲೆ ಮಾವ ಮತ್ತೆ ಬಂದು, ಗಂಟು ಬಿಚ್ಚಿ, ತುಂಡನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೋದರು. ನಾನು ಹತ್ತಿರ ಹೋಗಿ ನೋಡಿದೆ. ಅದೇ ಬಲೆ, ಅದೇ ತೂತು. ಬಿಸಿಲಿಗೆ ಹಳದಿಯಾಗಿ ಸುಕ್ಕುಗಟ್ಟಿದ ನಿಮ್ಮ ಟೇಪು.

ಅಜ್ಜಿಯನ್ನು ಕೇಳಿದರೆ ಬಲೆಯಿಂದ ಕಣ್ಣೆತ್ತದೆ, "ನಿಮ್ಮಪ್ಪನ ತೂತು ಕಣೇ ಅದು, ಇನ್ಯಾರು ಹೆಣೀತಾರೆ?" ಎಂದಳು. ಬಲೆ ಕೊಟ್ಟಿಗೆಯ ಪದ್ಧತಿ ನಿಮಗೆ ನಾನು ಹೇಳಬೇಕೇ? ತೂತು ಕಂಡವರು ಗುರುತು ಕಟ್ಟಬೇಕು, ಅವರೇ ಕೂತು ಹೆಣೆಯಬೇಕು. ಇನ್ನೊಬ್ಬರು ಮಾಡಿರಬಹುದು ಎಂದು ಎಲ್ಲರೂ ಅಂದುಕೊಂಡರೆ ಬಲೆ ತೂತಿನೊಂದಿಗೇ ಸಮುದ್ರಕ್ಕೆ ಇಳಿಯುತ್ತದಲ್ಲ. ಅದಕ್ಕೇ ನಿಮ್ಮ ಗುರುತಿರುವ ಜಾಗಕ್ಕೆ ಊರಿನಲ್ಲಿ ಯಾರೂ ಕೈ ಹಾಕಿಲ್ಲ. "ಇನ್ನೂರು ಸಲ ಕಟ್ಟಿದಾನೆ, ಇನ್ನೂರು ಸಲ ಬಿಚ್ಚಿದಾನೆ ಆ ಪೆದ್ದ ಗೆನ್‌ಗೊ. ಒಂದು ಕಾಗದ ಬರಿಯೋಕಾಗಲ್ಲ ಅವನಿಗೆ" ಎಂದು ಅಜ್ಜಿ ಸೂಜಿಯನ್ನು ನೆಲಕ್ಕೆ ಕುಕ್ಕಿದಳು. ಇನ್ನೂರು ಸಲ, ಅಪ್ಪಾ! ಮಳೆಯಲ್ಲಿ, ಮಂಜಿನಲ್ಲಿ, ಸೋತ ದಿನ, ಗೆದ್ದ ದಿನ. ನೀವು ಅಲ್ಲಿ ಹೊಗೆಯ ನಡುವೆ, ಊರು ನಿಮ್ಮನ್ನು ಬೈಯುತ್ತಿದೆ ಎಂದುಕೊಂಡು ಕೂತ ಅಷ್ಟೂ ದಿನ ಇಲ್ಲೊಬ್ಬರು ನಿಮ್ಮ ಜಾಗವನ್ನು ಹಾಗೇ ಕಾಯುತ್ತಿದ್ದರು.

ಆ ದಿನದ ಪುಟವೂ ಗೆನ್‌ಗೊ ಮಾವನ ಅಕ್ಷರದ್ದೇ. "1–2. ಸೋಲು." ಅದರ ಮುಂದೆ ಏನೂ ಇಲ್ಲ. ಅರವತ್ತು ವರ್ಷದಲ್ಲಿ ಗಾಳಿಯ ಮಾತೇ ಇಲ್ಲದ ಪುಟ ಅದೊಂದೇ. ಹೀಗೇಕೆ ಎಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ. ಗಾಳಿಗೆ ಮುಖಮಾಡಿ ನಿಂತಿದ್ದವರು ನೀವು. ಆ ದಿನ ಗಾಳಿ ಹೇಗಿತ್ತು?

ಅಮ್ಮ ಹೊಸ ಅಕ್ಕಿಯ ಒಂದು ಚೀಲ ಬೇರೆ ಕಳಿಸುತ್ತಿದ್ದಾಳೆ, ನೀವು ಚೆನ್ನಾಗಿ ಉಣ್ಣಬೇಕಂತೆ. ಅಜ್ಜಿಯ ಆಶೀರ್ವಾದ ಬೈಗುಳದ ರೂಪದಲ್ಲಿದೆ, ಅದನ್ನು ಬರೆಯಲಾರೆ. ನಿಮ್ಮ ಕೆಮ್ಮು ಚಳಿಗೆ ಮೊದಲು ಹೋಗಲಿ.

ನಿಮ್ಮ ಮಗಳು,
ತೊಮೊಯೊ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಗೆನ್‌ಗೊ ಮಾವ ಬಂದರು. ಬಾಗಿಲಲ್ಲೇ ನಿಂತು ನೂಲು ಸುತ್ತಿದ, ಬಲೆ ಹೆಣೆಯುವ ಬಿದಿರಿನ ಸೂಜಿಯೊಂದನ್ನು ನನ್ನ ಕೈಗಿಟ್ಟು, "ಏನೂ ಬರೀಬೇಡ, ಇದನ್ನ ಒಳಗೆ ಹಾಕು ಅಷ್ಟೆ" ಎಂದರು. ಗೇಟಿನ ತನಕ ಹೋಗಿ ತಿರುಗಿ, "ನೂಲು ಒಂದೇ ತೂತಿಗೆ ಆಗೋವಷ್ಟಿದೆ ಅಂತ ಹೇಳು" ಎಂದರು. ಮುಂದಿನ ವರ್ಷದಿಂದ ಆಟವೆಲ್ಲ ಊರಾಚೆಯ ಹೊಸ ಮೈದಾನದಲ್ಲಿ. ನಮ್ಮ ಜೇಡಿಮಣ್ಣಿನ ಮೇಲೆ ಕೊನೆಯ ಪಂದ್ಯ ನವೆಂಬರ್ ಹತ್ತರ ಭಾನುವಾರ, ಹನ್ನೆರಡು ಗಂಟೆಗೆ. ಅವತ್ತು ಮಾವ ಬಲೆಯ ತುಂಡು ತರುವುದಿಲ್ಲವಂತೆ. ರೆಫರಿ ಬಲೆ ನೋಡಲು ಹನ್ನೊಂದಕ್ಕೆ ಬರುತ್ತಾರೆ, ಅಷ್ಟರೊಳಗೆ ಆ ತೂತು ಹೆಣೆದಿರಬೇಕು.